ಕೂಸಿಗೊಂದು ರಹದಾರಿ

ಕೂಸು ಹುಟ್ಟಿದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ‘ಯಾರ ಹಾಗಿದೆ?’ ಎಂಬುದು. ಮೂಗು ಅಪ್ಪನದೆಂದು ಒಬ್ಬರು, ಹಣೆ ಸೋದರಮಾವನದೆಂದು ಮತ್ತೊಬ್ಬರು ವಾದ ಹೂಡುತ್ತಾರೆ. ಸರಕಾರದ ಕಚೇರಿಯಲ್ಲಿಯೂ ‘ಇದು ಯಾರದು?’ ಎಂದೇ ಕೇಳುತ್ತಾರೆ; ಆದರೆ ಮೂಗು ಹಣೆಗಳ ಸಾಕ್ಷ್ಯ ಅಲ್ಲಿ ನಡೆಯುವುದಿಲ್ಲ. ‘ಯಾರದು’ ಎಂದರೆ ಅಲ್ಲಿ ‘ಯಾವ ದೇಶದ್ದು’ ಎಂದರ್ಥ. ಕೂಸು ಹುಟ್ಟಿದ್ದು ಪರದೇಶದಲ್ಲಾದರೆ, ಈ ಪ್ರಶ್ನೆಗೆ ಸಮರ್ಪಕವಾದ ಉತ್ತರ ಸಿದ್ಧವಾಗುವಷ್ಟರಲ್ಲಿ ಅದಕ್ಕೆ ಹಲ್ಲು ಮೂಡಿದ್ದರೂ ಆಶ್ಚರ್ಯವಿಲ್ಲ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಹಿಂದೆ ದೂರದ ಪ್ರಯಾಣವೆಂದರೆ ಮಿರಜಿಗೋ ಕೊಲ್ಲಾಪುರಕ್ಕೋ ಹೋಗಿ ಬರುವುದಾಗಿತ್ತು. ಚೊಚ್ಚಲ ಬಾಣಂತನಕ್ಕೆ ಮಗಳು ತವರಿಗೆ ಬರುವಳು. ಕೂಸಿನೊಡನೆ ಗಂಡನ ಮನೆಗೆ ಮರಳುವಳು. ನಡುವೆ ಕೃಷ್ಣೆ ಅಡ್ಡ ಬಂದರೆ ನಾವೆಯಿತ್ತು. ಅಂಬಿಗನು ಕೂಸಿನ ಕಾಗದ ಕೇಳುತ್ತಿರಲಿಲ್ಲ. ಕೇಳಿದರೆ ಅದರ ಹೆಸರನ್ನು ಕೇಳಿಯಾನು, ಅಷ್ಟೆ. ಈಗ ಕಬ್ಬಿನ ಗದ್ದೆಯ ಮನೆಯ ಹುಡುಗ ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ಪುಣೆಯಲ್ಲಿ ನೌಕರಿ ಹಿಡಿಯುತ್ತಾನೆ. ಅಲ್ಲಿಂದ ದುಬೈಗೋ ನ್ಯೂಜೆರ್ಸಿಗೋ ಹಾರುತ್ತಾನೆ. ಇತ್ತ ಅಜ್ಜಿ ಹಳೆಯ ಸೀರೆಗಳನ್ನು ಸೇರಿಸಿ ಕೌದಿ ಹೊಲಿದು, ಕುಲಾಯಿ ಕುಂಚಿಗೆಗಳನ್ನು ಅಣಿಮಾಡಿ, ಯಡೂರಿನ ವೀರಭದ್ರನಿಗೂ ಚಿಂಚಲಿಯ ಮಾಯಕ್ಕನಿಗೂ ಹರಕೆ ಹೊತ್ತು ಕಾಯುತ್ತಾಳೆ. ಎಲ್ಲವೂ ಸಿದ್ಧ, ಕಾಗದವೊಂದು ಬರಬೇಕು.

“ಕೂಸು ನಮ್ಮದ. ಅದನ್ನ ಮನೀಗಿ ತರಾಕ ಯಾರ ಅಪ್ಪಣಿ ಬೇಕ?” ಎಂದು ಆಕೆ ಕೇಳಿದರೆ, ಆ ಪ್ರಶ್ನೆ ಕೇವಲ ಮುಗ್ಧತೆಯದೆಂದು ನಗುವಂತಿಲ್ಲ.

ತೊಡಕು ಹೆಸರಿನಿಂದಲೇ ಮೊದಲಾಗುತ್ತದೆ. ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಿ, ಸೋದರತ್ತೆ ಕಿವಿಯಲ್ಲಿ ಉಸುರಿ, ಗುಗ್ಗರಿ ಹಂಚಿದ ಮೇಲೆ ಹೆಸರು ಹೆಸರಾಗುತ್ತದೆ. ಪರದೇಶದ ಆಸ್ಪತ್ರೆಯವರಿಗೆ ಅಷ್ಟು ತಾಳ್ಮೆಯಿಲ್ಲ. ಜನನ ಪತ್ರಕ್ಕಾಗಿ ಮನೆಗೆ ಹೊರಡುವ ಮುನ್ನವೇ ಹೆಸರು ಕೇಳುತ್ತಾರೆ. ಇನ್ನು ತಾಯಿಯ ಹೆಸರು. ಈ ಸೀಮೆಯ ಕೆಲವು ಮನೆತನಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವ ರೂಢಿಯುಂಟು. ಶಾಲೆಯ ದಾಖಲೆಯಲ್ಲಿ ತವರಿನ ಹೆಸರು, ಮದುವೆಯ ಪತ್ರದಲ್ಲಿ ಅತ್ತೆಮನೆಯ ಹೆಸರು. ಹೀಗೆ ಹೆತ್ತವಳು ಒಬ್ಬಳೇ ಆದರೂ ಕಾಗದದ ಮೇಲೆ ಇಬ್ಬರಾಗುತ್ತಾಳೆ. ಇಬ್ಬರು ತಾಯಂದಿರ ಕೂಸು ಗೋಕುಲದಲ್ಲಿ ಸಲ್ಲಬಹುದು. ರಾಯಭಾರ ಕಚೇರಿಯಲ್ಲಿ ಸಲ್ಲದು.

ಕಾನೂನು ಕೂಡ ಈ ಪ್ರಶ್ನೆಯನ್ನು ಒಂದೇ ಬಗೆಯಾಗಿ ಬಿಡಿಸಿಲ್ಲ. 1955ರ ಪೌರತ್ವ ಕಾಯದೆಯು ಹೊರನಾಡಿನಲ್ಲಿ ಹುಟ್ಟಿದ ಕೂಸಿಗೆ ತಂದೆಯ ಪೌರತ್ವವನ್ನಷ್ಟೇ ಆಧಾರವಾಗಿ ಇಟ್ಟುಕೊಂಡಿತ್ತು. ತಾಯಿಯದೂ ಸಾಕೆಂದು ಒಪ್ಪಿದ್ದು 1992ರಲ್ಲಿ. 2004ರ ಡಿಸೆಂಬರಿನಿಂದೀಚೆಗೆ ಹುಟ್ಟಿದ ಕೂಸನ್ನು ಒಂದು ವರ್ಷದೊಳಗೆ ಭಾರತದ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು. ಅದಕ್ಕೆ ಬೇರೆ ದೇಶದ ಪಾಸ್‌ಪೋರ್ಟು ಇಲ್ಲವೆಂದು ಹೆತ್ತವರು ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರಕಾರದ ಅನುಮತಿ ಬೇಕು. ಬೇರೆ ದೇಶದ ಪಾಸ್‌ಪೋರ್ಟು ಪಡೆದ ಕೂಸಾದರೋ ತನ್ನ ಅಜ್ಜಿಯ ಮನೆಗೆ ಪರದೇಶಿಯಾಗಿಯೇ ಬರಬೇಕು: ವೀಸಾ ಪಡೆದು, ಇಲ್ಲವೆ ಆಜೀವ ವೀಸಾದಂತಿರುವ ಓಸಿಐ ಕಾರ್ಡು ಹಿಡಿದು.

ಇದೆಲ್ಲ ಎಷ್ಟು ನೋವಿನ ವಿಷಯವಾಗಬಲ್ಲದೆಂಬುದು 2020ರಲ್ಲಿ ತಿಳಿಯಿತು. ಮಹಾಮಾರಿಯ ಭಯದಿಂದ ಮಾರ್ಚ್ ತಿಂಗಳಲ್ಲಿ ಭಾರತವು ಪರದೇಶದವರ ವೀಸಾಗಳನ್ನು ತಡೆಹಿಡಿಯಿತು. ಓಸಿಐ ಕಾರ್ಡಿನ ಪ್ರವೇಶವೂ ನಿಂತಿತು. ಮೇ 7ರಿಂದ, ಸಿಕ್ಕಿಬಿದ್ದ ಭಾರತೀಯರನ್ನು ಕರೆತರಲು ‘ವಂದೇ ಭಾರತ್’ ವಿಮಾನಗಳು ಹೊರಟವು. ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲಿದ್ದ ಎಷ್ಟೋ ದಂಪತಿಗಳಿಗೆ ಅಷ್ಟರಲ್ಲಿ ನೌಕರಿ ಹೋಗಿತ್ತು. ನೌಕರಿ ಹೋದರೆ ಅಲ್ಲಿ ನಿಲ್ಲಲು ಇದ್ದ ಅವಕಾಶ ಹೆಚ್ಚೆಂದರೆ 60 ದಿನ. ಅವರ ಕೂಸುಗಳೋ, ಅಲ್ಲಿಯ ಸಂವಿಧಾನದ 1868ರ ತಿದ್ದುಪಡಿಯ ಬಲದಿಂದ ಆ ನಾಡಿನ ಪ್ರಜೆಗಳು. ಕೂಸಿಗೆ ಅಲ್ಲಿ ಉಳಿಯುವ ಹಕ್ಕು, ಹೆತ್ತವರಿಗೆ ಹೊರಡುವ ಕಟ್ಟಳೆ. ಹೆತ್ತವರಿಗೆ ತಾಯ್ನಾಡಿನ ಬಾಗಿಲು ತೆರೆದಿತ್ತು, ಕೂಸಿಗೆ ಮುಚ್ಚಿತ್ತು. ನ್ಯೂಜೆರ್ಸಿಯಲ್ಲಿ ವಿಮಾನ ನಿಲ್ದಾಣದವರೆಗೆ ಹೋದ ದಂಪತಿಗಳು ಇದೇ ಕಾರಣದಿಂದ ಮಕ್ಕಳನ್ನು ಕರೆದುಕೊಂಡು ಹಿಂದಿರುಗಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಮೊರೆಗಳು ಹೆಚ್ಚಿದ ಮೇಲೆ, ಮೇ 22ರಂದು ಗೃಹ ಮಂತ್ರಾಲಯವು ಓಸಿಐ ಕಾರ್ಡುಳ್ಳ, ಭಾರತೀಯರ ಅಪ್ರಾಪ್ತ ಮಕ್ಕಳಿಗೂ ಮನೆಯಲ್ಲಿ ಸಾವಿನಂಥ ತುರ್ತು ಒದಗಿದ ಕಾರ್ಡುದಾರರಿಗೂ ದಾರಿ ಬಿಟ್ಟಿತು. ಕಾರ್ಡು ಇನ್ನೂ ಕೈಗೆ ಬಾರದಿದ್ದ ಹಸುಗೂಸುಗಳಿಗೆ ಆ ಆದೇಶದಲ್ಲಿ ಎಡೆಯಿರಲಿಲ್ಲ.

ಅಜ್ಜಿಯರ ಈ ಕಾಯುವಿಕೆ ನಮ್ಮವರಿಗಷ್ಟೇ ಬಂದದ್ದಲ್ಲ. 2008ರ ಜುಲೈಯಲ್ಲಿ ಗುಜರಾತಿನ ಆಣಂದದಲ್ಲಿ, ಬಾಡಿಗೆ ತಾಯಿಯ ಬಸಿರಿನಿಂದ, ಜಪಾನೀ ದಂಪತಿಗಳಿಗಾಗಿ ಹೆಣ್ಣುಕೂಸೊಂದು ಹುಟ್ಟಿತು. ಅದು ಹುಟ್ಟುವ ಮೊದಲೇ ದಂಪತಿಗಳು ಬೇರೆಯಾಗಿದ್ದರು. ಭಾರತದ ಪಾಸ್‌ಪೋರ್ಟಿಲ್ಲ, ಜಪಾನಿನದೂ ಇಲ್ಲ. ಜಪಾನಿನಿಂದ ಬಂದ ಮುದುಕಿಯೊಬ್ಬಳು, ಕೂಸಿನ ತಂದೆಯ ತಾಯಿ, ಭಾಷೆ ತಿಳಿಯದ ನಾಡಿನಲ್ಲಿ ಅದನ್ನು ನೋಡಿಕೊಂಡಳು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೊನೆಗೆ ನವೆಂಬರಿನಲ್ಲಿ, ಪಾಸ್‌ಪೋರ್ಟಿಗೆ ಬದಲಾಗಿ ಕೊಟ್ಟ ಗುರುತಿನ ಪತ್ರದ ಮೇಲೆ, ಕೂಸು ಅಜ್ಜಿಯೊಡನೆ ಜಪಾನಿಗೆ ಹೋಯಿತು.

ನಿಯಮವೆಲ್ಲ ನಿರ್ದಯವೆಂದು ಇದರಿಂದ ತಿಳಿಯಬಾರದು. ಹದಿನಾರು ತುಂಬದ ಮಕ್ಕಳ ಪಾಸ್‌ಪೋರ್ಟಿಗೆ ಅಮೆರಿಕದಲ್ಲಿ ತಾಯಿತಂದೆ ಇಬ್ಬರ ಒಪ್ಪಿಗೆಯೂ ಬೇಕೆನ್ನುವುದು ವಿನಾ ಕಿರುಕುಳವಲ್ಲ. ಒಬ್ಬರ ಕೂಸನ್ನು ಇನ್ನೊಬ್ಬರು ಕದ್ದೊಯ್ಯದಂತೆ ಹಾಕಿದ ಬೇಲಿ ಅದು. ಆದರೆ ಬೇಲಿಗೊಂದು ಗೇಟು ಇರಬೇಕು. ಗೇಟಿನ ಬಳಿ ಕಣ್ಣುಳ್ಳ ಮನುಷ್ಯನಿರಬೇಕು. ‘ತುರ್ತು’ ಎಂಬ ಶಬ್ದಕ್ಕೆ ಕಚೇರಿಯ ಅರ್ಥ ಒಂದು, ಮನೆಯ ಅರ್ಥ ಇನ್ನೊಂದು. ವೈದ್ಯರ ಪತ್ರ, ಮರಣದ ಪತ್ರ ಇವಿದ್ದರೆ ತುರ್ತು. ‘ಮುತ್ಯಾನಿಗೆ ಎಂಬತ್ತು ದಾಟಿದೆ, ಕೂಸಿನ ಮುಖ ನೋಡಬೇಕೆನ್ನುತ್ತಾನೆ’ ಎಂದು ಬರೆಯಲು ಅರ್ಜಿಯಲ್ಲಿ ಜಾಗವಿಲ್ಲ. ಮುತ್ಯಾ ನೆಟ್ಟಗಿರುವಾಗ ಅದು ತುರ್ತಲ್ಲ. ಅದು ತುರ್ತಾದಾಗ ಮುತ್ಯಾನಿಗೆ ವೇಳೆಯಿಲ್ಲ.

ಆದ್ದರಿಂದ ದೂರದಲ್ಲಿರುವ ಮಕ್ಕಳು ತುರ್ತು ಬರುವ ತನಕ ಕಾಯದಿರುವುದು ಲೇಸು. ತಾಯಿಯ ಹೆಸರು ಎಲ್ಲ ಕಾಗದಗಳಲ್ಲಿ ಒಂದೇ ಆಗಿರಲಿ. ಕೂಸಿನ ನೋಂದಣಿಯೋ ಕಾರ್ಡೋ ಬಾಣಂತನದ ದಿನಗಳಲ್ಲಿಯೇ ಮೊದಲಾಗಲಿ. ಅಂಟಿನ ಉಂಡೆ ಕಟ್ಟುವಷ್ಟೇ ಅಗತ್ಯದ ಕೆಲಸವಿದು.

ಅರ್ಜಿಯ ಮೇಲೆ ಸಹಿಯ ಸ್ಥಾನದಲ್ಲಿ ಕೂಸಿನ ಹೆಬ್ಬೆರಳ ಗುರುತು ಬೇಕು. ಹಸುಗೂಸಿನ ಮುಷ್ಟಿ ಬಿಡಿಸಿ ಮಸಿ ಹಚ್ಚುವುದು ಸುಲಭವಲ್ಲ. ಕೂಸು ಚೀರುತ್ತದೆ, ಕಾಗದ ಕೆಡುತ್ತದೆ, ಇನ್ನೊಂದು ಕಾಗದ ಬರುತ್ತದೆ. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಮುತ್ತಜ್ಜಿಯೂ ಹೆಬ್ಬೆಟ್ಟು ಒತ್ತಿಯೇ ಬಾಳಿದವಳು. ನಡುವಿನ ಎರಡು ತಲೆಮಾರು ಸಹಿ ಕಲಿತು ಸಮುದ್ರ ದಾಟಿದವು. ಮರಳಿ ಬರಲು ಮಾತ್ರ ಈ ಪುಟ್ಟ ಹೆಬ್ಬೆಟ್ಟೇ ಬೇಕಾಗಿದೆ.