ಅತ್ತೆಮ್ಮನ ಜ್ವರ, ಎರಡು ಕಡೆ ರಕ್ತ

ಅತ್ತೆಮ್ಮಂಗೆ ಏನಾಗಿತ್ತು ಅಂತ ಹೊರಮಾವಿನ ನಮ್ಮ ಬೀದಿಯೋರೆಲ್ಲ ಕೇಳ್ತಾನೇ ಇದೀರಿ. ಒಬ್ಬೊಬ್ಬರಿಗೂ ಹೇಳಿ ಗಂಟ್ಲು ಒಣಗಿಸ್ಕೊಳ್ಳೋ ಬದ್ಲು ಇಲ್ಲೇ ಬರೆದುಬಿಡ್ತೀನಿ.

ಡಯಾಲಿಸಿಸ್‌ಗೆ ಅಂತ ಅವ್ರ ಕುತ್ತಿಗೆ ಹತ್ರ ಪೈಪ್ ಹಾಕಿದ್ರಲ್ಲ, ಮೂರನೇ ವಾರ ಮಿಷನ್ ಶುರುವಾದ ಅರ್ಧ ಗಂಟೆಗೆ ಗಡಗಡ ನಡುಕ, ಹಿಂದೇನೇ 103 ಜ್ವರ. ಔಷಧಿ ಕೊಡೋಕೆ ಮುಂಚೆ ರಕ್ತ ತಗೊಂಡ್ರು, ಪೈಪಿಂದ ಒಂದ್ಸಲ, ಕೈಯಿಂದ ಒಂದ್ಸಲ. "ಇರೋದೇ ಇಷ್ಟು, ಇನ್ನೆಷ್ಟು ಹೀರ್ತೀರಪ್ಪಾ" ಅಂತ ಅತ್ತೆಮ್ಮ ಗೊಣಗಿದ್ರು.

ಎರಡು ಕಡೆ ಯಾಕೆ ಅಂತ ಅಲ್ಲೇ ಲ್ಯಾಬಲ್ಲಿರೋ ನಾದಿನಿ ಮಗಳು ಹೇಳಿದ್ಳು. ನಮ್ಮೆಲ್ಲರ ಚರ್ಮದ ಮೇಲೂ ಸ್ಟಫೈಲೋಕಾಕಸ್ ಎಪಿಡರ್ಮಿಡಿಸ್ ಅನ್ನೋ ಬ್ಯಾಕ್ಟೀರಿಯಾ ಬಾಡಿಗೆ ಕೊಡದೆ ವಾಸ ಇರ್ತದೆ. ಸೂಜಿ ಚುಚ್ಚುವಾಗ ಅದೇ ಸೀಸೆಗೆ ಬೀಳಬಹುದು. ಒಂದರಲ್ಲಿ ಮಾತ್ರ ಬೆಳೆದ್ರೆ ಚರ್ಮದ್ದಿರಬಹುದು ಅಂತ ಅನುಮಾನ. ಎರಡರಲ್ಲೂ ಅದೇ ಬೆಳೆದ್ರೆ ರಕ್ತಕ್ಕೇ ಸೇರೈತೆ ಅಂತ ಲೆಕ್ಕ.

ಅದರಣ್ಣ ಆರಿಯಸ್ ಇನ್ನೂ ಜೋರು. ನೂರು ಜನರಲ್ಲಿ ಸುಮಾರು 20-30 ಜನರ ಮೂಗಲ್ಲಿ ತೆಪ್ಪಗೆ ಕೂತಿರ್ತದೆ, ರಕ್ತಕ್ಕಿಳಿದ್ರೆ ಹೃದಯದ ಕವಾಟಕ್ಕೂ ಹೋಗಿ ಅಂಟಬಹುದಂತೆ. ಅದನ್ನ ಕೇಳಿದ್ಮೇಲೆ ನಮ್ಮೆಜಮಾನ್ರು ತಟ್ಟೆ ಮುಂದೆ ಕೂತ್ರೂ ಅನ್ನ ಮುಟ್ಟಲಿಲ್ಲ.

ಮಾರನೇ ದಿನ ಎರಡೂ ಕಡೆಯ ಸೀಸೆ ಪಾಸಿಟಿವ್. ಬಣ್ಣ ಹಾಕಿ ನೋಡಿದ್ರೆ ನೇರಳೆ ದುಂಡು ಕಾಳು, ಗೊಂಚಲು ಗೊಂಚಲು. ಗ್ರೀಕಲ್ಲಿ ಸ್ಟಫೈಲೆ ಅಂದ್ರೆ ದ್ರಾಕ್ಷಿ ಗೊಂಚಲು. ಸ್ಕಾಟ್ಲೆಂಡಿನ ಡಾಕ್ಟ್ರು ಅಲೆಕ್ಸಾಂಡರ್ ಆಗ್‌ಸ್ಟನ್ 1882ರಲ್ಲಿ ಆ ಹೆಸರಿಟ್ಟಿದ್ದು. ಫೋಟೋದಲ್ಲಿ ನಂಗೆ ಕಂಡಿದ್ದು ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿನೇ. ತಿನ್ನೋ ಆಸೆ ಎರಡು ವಾರ ಹೋಯ್ತು ಬಿಡಿ.

ಅಷ್ಟಕ್ಕೇ ಅಣ್ಣನೋ ತಮ್ಮನೋ ಗೊತ್ತಾಗಲ್ಲ. ತಟ್ಟೇಲಿ ಬೆಳೆಸಿ, ಅದರಲ್ಲಿ ಚೂರು ತೆಗೆದು ಪ್ಲಾಸ್ಮಾಗೆ ಕಲಸಿ 37 ಡಿಗ್ರಿ ಬೆಚ್ಚಗಿಡ್ತಾರೆ. ಆರಿಯಸ್ ಆದ್ರೆ ಹೆಪ್ಪು ಹಾಕಿದ ಹಾಲಿನಂಗೆ ಗಟ್ಟಿಯಾಗ್ತದೆ. ನಾವು ದಿನಾ ರಾತ್ರಿ ಮೊಸರಿಗೆ ಮಾಡೋದೂ ಇದನ್ನೇ ಅಲ್ವಾ! ನಾಲ್ಕು ಗಂಟೆಗೆ ನೋಡಿದ್ರೂ ನೀರು, ಬೆಳಿಗ್ಗೆ ನೋಡಿದ್ರೂ ನೀರು. ತಮ್ಮನೇ. ಮಿಷನ್ನೂ ಎಪಿಡರ್ಮಿಡಿಸ್ ಅಂತ್ಲೇ ಹೇಳ್ತು.

ಟ್ಯಾಂಕರ್ ನೀರು ತುಂಬಿಸೋ ಡ್ರಮ್ಮಿನೊಳಗೆ ಲೋಳೆ ಕಟ್ಟಲ್ವಾ, ಹಂಗೆ ಪೈಪಿನೊಳಗೆ ಲೋಳೆ ಕಟ್ಕೊಂಡು ಅಡಗಿತ್ತು. ಲೋಳೆ ಒಳಗಿದ್ರೆ ಔಷಧಿ ಸರಿಯಾಗಿ ತಾಗಲ್ಲ. ಆ ಪೈಪ್ ತೆಗೆದ್ರು, ವ್ಯಾಂಕೊಮೈಸಿನ್ ಕೊಟ್ರು, ಜ್ವರ ಇಳೀತು.

ಈಗ ಮನೇಲವ್ರೆ, ಹೊಸ ಪೈಪಿನ ಜೊತೆ. ನೋಡೋಕೆ ಬರೋರು ಬಾಗಿಲ ಹತ್ರದ ನಲ್ಲೀಲಿ ಸೋಪು ಹಚ್ಚಿ ಕೈ ತೊಳ್ಕೊಂಡು ಬನ್ನಿ, ಪಟ್ಟಿ ಮುಟ್ಟಿ ನೋಡ್ಬೇಡಿ. ಎಳನೀರು, ಬಾಳೆಹಣ್ಣೂ ತರ್ಬೇಡಿ, ಅವ್ರಿಗೆ ಪೊಟ್ಯಾಸಿಯಂ ಆಗಲ್ಲ.