ಅಟ್ಟದಿಂದ ಇಳಿದ ಕನ್ನಡಿ

ನಮ್ಮ ಮನೆಗೆ ಬಂದವರ ಕಣ್ಣು ಮೊದಲು ಬೀಳುವುದು ಹಾಲಿನ ಗೋಡೆಯ ಮೇಲಿರುವ ಹಳೆಯ ಕನ್ನಡಿಯ ಮೇಲೆ. ತೇಗದ ಚೌಕಟ್ಟು, ಮೂರು ಅಡಿ ಎತ್ತರದ ಗಾಜು, ಅಂಚಿನ ಸುತ್ತ ಕಪ್ಪು ಚುಕ್ಕೆಗಳು. "ಚೆನ್ನಾಗಿದೆ" ಎಂದವರೇ ಮರುಕ್ಷಣ ಕೇಳುತ್ತಾರೆ: "ಆದರೆ ಇದನ್ನು ಯಾಕೆ ಇಷ್ಟು ಕೆಳಗೆ ತೂಗುಹಾಕಿದ್ದೀರಿ?"

ಉತ್ತರ ಸ್ವಲ್ಪ ಉದ್ದ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅದು ತೀರ್ಥಹಳ್ಳಿ ಕಡೆಯ ನಮ್ಮ ಹಳೆಯ ಮನೆಯ ಕನ್ನಡಿ. 1947ರಲ್ಲಿ ಅಪ್ಪ, ಅಮ್ಮನ ಮದುವೆಯಾದ ವರ್ಷ, ಅಪ್ಪ ಶಿವಮೊಗ್ಗದಿಂದ ಕೊಂಡು ತಂದದ್ದು. ಎತ್ತಿನ ಗಾಡಿಯಲ್ಲಿ ಭತ್ತದ ಹುಲ್ಲಿನ ನಡುವೆ ಮಲಗಿಸಿ, ದಾರಿಯುದ್ದಕ್ಕೂ ಅಪ್ಪ ಅದನ್ನು ಕೈಯಲ್ಲಿ ಹಿಡಿದೇ ಕೂತಿದ್ದರಂತೆ. ಜಗಲಿಯ ಗೋಡೆಗೆ ಅದನ್ನು ಹಾಕಿದ ದಿನ ಕೇರಿಯ ಮಕ್ಕಳೆಲ್ಲ ಬಂದು ಹಲ್ಲು ಕಿರಿದು ಹೋದವಂತೆ.

1959ರಲ್ಲಿ ಅಪ್ಪ ತೀರಿಕೊಂಡರು. ನನಗಾಗ ಒಂಬತ್ತು ವರ್ಷ, ಅಮ್ಮನಿಗೆ ಮೂವತ್ತು. ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನ ಅಜ್ಜಿ ಆ ಕನ್ನಡಿಯನ್ನು ಗೋಡೆಯ ಕಡೆಗೆ ತಿರುಗಿಸಿದರು. "ಇನ್ನು ಇದು ಅವಳಿಗೇತಕ್ಕೆ?" ಎಂದದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಅಜ್ಜಿ ಕೆಟ್ಟವರಲ್ಲ. ಅವರೂ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ತಮಗೆ ಆದದ್ದನ್ನೇ ಸೊಸೆಗೂ ಮಾಡಿದರು. ಮುಂದಿನ ಮಳೆಗಾಲಕ್ಕೆ ಕನ್ನಡಿ ಅಟ್ಟ ಸೇರಿತು. ಗೌರಿ ಹಬ್ಬದ ಮರದ ಬಾಗಿನದಲ್ಲಿ ಬಳೆ, ಬಾಚಣಿಗೆಯ ಜೊತೆ ಒಂದು ಪುಟ್ಟ ಕನ್ನಡಿಯೂ ಇರುತ್ತದಲ್ಲ, ಅದೂ ಅಮ್ಮನ ಕೈಗೆ ಮತ್ತೆ ಬರಲಿಲ್ಲ.

ಒಂದು ದಿನ ಬಚ್ಚಲಿಗೆ ಬೆಂಕಿ ಹಾಕಲು ಹೋದವನು ಬಾಗಿಲಲ್ಲೇ ನಿಂತೆ. ಅಮ್ಮ ಹಂಡೆಯ ಮೇಲೆ ಬಾಗಿ ನೀರಿನಲ್ಲಿ ತನ್ನ ಮುಖ ನೋಡಿಕೊಳ್ಳುತ್ತಿದ್ದಳು. ನನ್ನ ಕಾಲ ಸಪ್ಪಳ ಕೇಳಿದ್ದೇ ಕೈಯಿಂದ ನೀರು ಕದಡಿ, "ಕಸ ಬಿದ್ದಿತ್ತು ಕಣೋ" ಎಂದಳು. ನಾನು ಏನೂ ಕೇಳಲಿಲ್ಲ.

ಬಿಕಾಂ ಮುಗಿಸಿ 1972ರಲ್ಲಿ ಬ್ಯಾಂಕಿನಲ್ಲಿ ಗುಮಾಸ್ತನಾದೆ. ಎರಡು ವರ್ಷದ ನಂತರ ಅಮ್ಮನನ್ನು ನನ್ನ ಜೊತೆಗೇ ಕರೆದುಕೊಂಡು ಬಂದೆ. 1998ರಲ್ಲಿ ಹೋಗುವವರೆಗೂ ಅವಳು ನಮ್ಮೊಂದಿಗೇ ಇದ್ದಳು. ಸೀರೆ, ಔಷಧಿ, ಕಾಶಿಯಾತ್ರೆ ಯಾವುದಕ್ಕೂ ಕಡಿಮೆ ಮಾಡಲಿಲ್ಲ ಎಂದು ಬೀಗುತ್ತಿದ್ದೆ. ಕನ್ನಡಿಯ ನೆನಪು ಒಮ್ಮೆಯೂ ಬರಲಿಲ್ಲ.

ನಾಲ್ಕು ವರ್ಷಗಳ ಹಿಂದೆ ಊರಿನ ಮನೆ ಕೆಡವುವಾಗ ಚಿಕ್ಕಪ್ಪನ ಮಗ ಫೋನ್ ಮಾಡಿದ. "ಅಟ್ಟದಲ್ಲಿ ದೊಡ್ಡಮ್ಮನ ಕನ್ನಡಿ ಇದೆ ಅಣ್ಣಾ, ಬೇಕಾ, ಗುಜರಿಗೆ ಹಾಕಲಾ?" ಮರುದಿನವೇ ಹೊರಟೆ. ಎರಡು ಕಂಬಳಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ಬೆಂಗಳೂರಿಗೆ ತಂದೆ. ಕನ್ನಡಿಯನ್ನು ಮಲಗಿಸಿ ಸಾಗಿಸಬಾರದು; ಗಾಡಿ ಕುಲುಕಿದರೆ ಗಾಜಿನ ನಡುಭಾಗ ಬಿರುಕು ಬಿಡುತ್ತದೆ. ಅಪ್ಪನ ಅದೃಷ್ಟ ಚೆನ್ನಾಗಿತ್ತು ಅಷ್ಟೇ.

ಚೌಕಟ್ಟು ತೋರಿಸಲು ಹೋದ ಅಂಗಡಿಯವನು, "ಇದು ಬೆಲ್ಜಿಯಂ ಕನ್ನಡಿ ಸಾರ್, ಒಳ್ಳೆಯ ಬೆಲೆ ಬರುತ್ತೆ" ಎಂದ. ನಾನು ನೋಡಿದ ಹಳೆಯ ಸಾಮಾನಿನ ಅಂಗಡಿಗಳಲ್ಲೆಲ್ಲ ಕನ್ನಡಿಗಳು ಬೆಲ್ಜಿಯಂನವೇ. ಅಷ್ಟೂ ನಮ್ಮಲ್ಲಿದ್ದರೆ ಪಾಪ, ಆ ದೇಶದವರು ತಲೆ ಬಾಚುವುದು ಹೇಗೆ? ಗಾಜು ತೆಗೆದು ಹೊಸದು ಹಾಕಿಸಿ ಎಂಬ ಸಲಹೆಯೂ ಬಂತು. ಬೇಡ ಎಂದೆ.

ಚುಕ್ಕೆಗಳ ಕಾರಣ ಮೊಮ್ಮಗಳಿಗೆ ಹೇಳಬೇಕಾಯಿತು. ಹಿಂದೆ ಗಾಜಿನ ಬೆನ್ನಿಗೆ ತವರ ಮತ್ತು ಪಾದರಸ ಹಚ್ಚುತ್ತಿದ್ದರು. ಪಾದರಸದ ಆವಿ ಕೆಲಸಗಾರರಿಗೆ ವಿಷವಾಗುತ್ತಿತ್ತು. 1835ರಲ್ಲಿ ಜರ್ಮನಿಯ ವಿಜ್ಞಾನಿ ಲೀಬಿಗ್ ಗಾಜಿನ ಮೇಲೆ ಬೆಳ್ಳಿಯ ತೆಳುಪದರ ಕೂರಿಸುವ ರಾಸಾಯನಿಕ ವಿಧಾನ ತೋರಿಸಿಕೊಟ್ಟ. ಆ ಬೆಳ್ಳಿಗೆ ಅಂಚಿನಿಂದ ತೇವ ಹೊಕ್ಕರೆ ಅದು ಕಪ್ಪಾಗುತ್ತದೆ. ನಮ್ಮ ಮಲೆನಾಡಿನಲ್ಲಿ ತೇವಕ್ಕೇನು ಬರವೇ? ಅರವತ್ತು ಮಳೆಗಾಲಗಳು ಅಟ್ಟದಲ್ಲಿ ಕೂತು ಬರೆದ ಲೆಕ್ಕ ಆ ಚುಕ್ಕೆಗಳು. ಅಳಿಸಲು ಮನಸ್ಸಾಗಲಿಲ್ಲ.

"ಗಾಜಿಗೆ ಮೊದಲು ಕನ್ನಡಿಯೇ ಇರಲಿಲ್ವಾ ತಾತ?" ಎಂದಳು. ಬೇಲೂರಿನ ಚೆನ್ನಕೇಶವ ದೇವಾಲಯದ ದರ್ಪಣಸುಂದರಿಯ ಚಿತ್ರ ತೋರಿಸಿದೆ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಗುಡಿ ಅದು. ಆಗ ಬಳಕೆಯಲ್ಲಿದ್ದದ್ದು ಉಜ್ಜಿ ಹೊಳಪು ಮಾಡಿದ ಲೋಹದ ಕನ್ನಡಿ. ಕೇರಳದ ಆರನ್ಮುಳದಲ್ಲಿ ಅಂಥದ್ದನ್ನು ಇವತ್ತಿಗೂ ಮಾಡುತ್ತಾರೆ. ನಮ್ಮ ಗಾಜಿನ ಕನ್ನಡಿಗೆ ಬೆರಳ ತುದಿ ಮುಟ್ಟಿಸಿ ನೋಡಿ ಮಕ್ಕಳೇ, ಬೆರಳಿಗೂ ಬಿಂಬಕ್ಕೂ ನಡುವೆ ಸಣ್ಣ ಸಂದು ಕಾಣುತ್ತದೆ. ಅದು ಗಾಜಿನ ದಪ್ಪದಿಂದ ಆಗುವುದು. ಆರನ್ಮುಳ ಕನ್ನಡಿಯಲ್ಲಿ ಆ ಸಂದು ಇಲ್ಲ.

ಸೊಸೆ ಉತ್ಸಾಹದಿಂದ ಮನೆಯಲ್ಲಿದ್ದ ಇತರ ಹಳೆಯ ಕನ್ನಡಿಗಳನ್ನೂ ಹುಡುಕಿ ತೆಗೆದಳು. ನನ್ನ ಗಡ್ಡ ಹೆರೆಯುವ ಕನ್ನಡಿ, ನನ್ನ ಹೆಂಡತಿಯ ಕೈಗನ್ನಡಿ, ಹೀಗೆ ಐದು ಸಿಕ್ಕವು. ಅವನ್ನು ಮೊದಲು ನೆಲದ ಮೇಲೆ ಪೇಪರ್ ಹಾಸಿ ಜೋಡಿಸಿ ನೋಡಿ, ನಡುವೆ ಎರಡು ಮೂರು ಅಂಗುಲ ಬಿಟ್ಟು ಕತ್ತಲೆಯಿದ್ದ ಓಣಿಯ ಗೋಡೆಗೆ ಹಾಕಿದಳು. ಈಗ ಅಲ್ಲಿ ಹಗಲು ದೀಪ ಬೇಕಿಲ್ಲ. ನಿಮ್ಮ ಮನೆಯಲ್ಲೂ ಹಳೆಯ ಕನ್ನಡಿ ಇದ್ದರೆ ಇಷ್ಟು ನೆನಪಿಡಿ. ಬಚ್ಚಲಿಗೆ ತಾಗಿದ ಗೋಡೆಗೆ ಹಾಕಬೇಡಿ. ಕಿಟಕಿಯ ಪಕ್ಕದ ಗೋಡೆಯಾದರೆ ಬೆಳಕು ಕೋಣೆಯ ಒಳಗಿನವರೆಗೆ ಹರಡುತ್ತದೆ, ನೇರ ಬಿಸಿಲು ಮಾತ್ರ ಬೀಳದಿರಲಿ. ಭಾರವಾದದ್ದಕ್ಕೆ ಎರಡು ಕೊಕ್ಕೆ ಬೇಕು. ಹಿಂದೆ ಗಾಳಿಯಾಡಲು ಚೌಕಟ್ಟಿನ ಮೂಲೆಗಳಿಗೆ ಸಣ್ಣ ಬೆಂಡು ಅಂಟಿಸಿ. ಒರೆಸಲು ಒಣ ಹತ್ತಿ ಬಟ್ಟೆಯೇ ಸಾಕು. ನೀರು ಸಿಂಪಡಿಸಿದರೆ ಅಂಚಿಗಿಳಿದು ಕಪ್ಪು ಹೆಚ್ಚುತ್ತದೆ. ತೀರಾ ಹಳೆಯ ಕನ್ನಡಿಯಾದರೆ ಬೆನ್ನಿನ ಲೇಪವನ್ನು ಕೆರೆಯಬೇಡಿ, ಅದು ಪಾದರಸದ್ದಾಗಿರಬಹುದು.

ಉಳಿದದ್ದು ದೊಡ್ಡ ಕನ್ನಡಿ. ಎಷ್ಟು ಎತ್ತರಕ್ಕೆ? ಐದನೇ ತರಗತಿಯ ಮೊಮ್ಮಗಳು ಟೇಪು ಹಿಡಿದು ನಿಂತಳು. ನೀವೂ ಮಾಡಿ ನೋಡಬಹುದಾದ ಪ್ರಯೋಗ ಇದು: ಇಡೀ ಮೈ ಕಾಣಲು ನಮ್ಮ ಎತ್ತರದ ಅರ್ಧದಷ್ಟು ಕನ್ನಡಿ ಸಾಕು. ಅದರ ಮೇಲಂಚು ಕಣ್ಣಿಗೂ ನೆತ್ತಿಗೂ ನಡುವೆ, ಕೆಳಗಿನ ಅಂಚು ನೆಲಕ್ಕೂ ಕಣ್ಣಿಗೂ ಸರಿ ಮಧ್ಯದಲ್ಲಿ ಇರಬೇಕು. ಹಿಂದೆ ಸರಿದರೂ ಮುಂದೆ ಬಂದರೂ ಲೆಕ್ಕ ಬದಲಾಗದು.

"ಯಾರ ಎತ್ತರಕ್ಕೆ ಹಾಕೋಣ ತಾತ?" ಎಂದಳು. "ನಿನ್ನದಕ್ಕಾ, ಅಪ್ಪನದಕ್ಕಾ?" ನಾನು ಉತ್ತರಿಸುವ ಮೊದಲೇ, "ಮುತ್ತಜ್ಜಿಯ ಕನ್ನಡಿ ಅಲ್ವಾ, ಮುತ್ತಜ್ಜಿ ಎಷ್ಟು ಉದ್ದ ಇದ್ರು?" ಎಂದಳು.

ನಾಲ್ಕು ಅಡಿ ಹತ್ತು ಅಂಗುಲ. ಹೇಳಿ ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟೆ. ನಾನು ಐದೂವರೆ ಅಡಿ ಇದ್ದೇನೆ. ಅಮ್ಮ ನಮ್ಮೊಂದಿಗಿದ್ದ ಇಪ್ಪತ್ತನಾಲ್ಕು ವರ್ಷ, ಬಾಡಿಗೆ ಮನೆ ಎಷ್ಟು ಬದಲಾದರೂ, ಹಾಲಿನ ಕನ್ನಡಿಗೆ ಮೊಳೆ ಹೊಡೆದವನು ನಾನೇ, ನನ್ನ ಮುಖದ ಎತ್ತರಕ್ಕೆ. ಅಮ್ಮ ಅದರ ಕೆಳಗೇ ಓಡಾಡಿದಳು. ಇನ್ನೊಂದು ಕನ್ನಡಿ ಇದ್ದದ್ದು ನಮ್ಮ ಮಲಗುವ ಕೋಣೆಯಲ್ಲಿ. ಅಲ್ಲಿಗೆ ಅವಳು ಬರುತ್ತಿರಲಿಲ್ಲ. ಅಜ್ಜಿ ಕನ್ನಡಿ ತಿರುಗಿಸಿದ್ದನ್ನು ಜೀವನವಿಡೀ ಆಡಿಕೊಂಡವನು, ನಾನೇ ಏನು ಮಾಡಿದೆ? ಪ್ರತಿ ಸಂಜೆ ಪೈಸೆ ತಪ್ಪದೆ ಲೆಕ್ಕ ತಾಳೆ ಹಾಕಿ ಮನೆಗೆ ಬರುತ್ತಿದ್ದವನಿಗೆ ಎಂಟು ಅಂಗುಲದ ವ್ಯತ್ಯಾಸ ಕಾಣಲಿಲ್ಲ.

ಮೊಮ್ಮಗಳು ಲೆಕ್ಕ ಹಾಕಿದಳು. ಗಾಜಿನ ಕೆಳಗಿನ ಅಂಚು ನೆಲದಿಂದ ಎರಡು ಅಡಿ, ಮೇಲಂಚು ಐದು ಅಡಿ. ಮುತ್ತಜ್ಜಿ ನೆತ್ತಿಯಿಂದ ಪಾದದವರೆಗೆ ಪೂರ್ತಿ ಕಾಣುತ್ತಾರೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದಳು. ಬಡಗಿ ಅಲ್ಲಿಗೇ ಕೊಕ್ಕೆ ಹೊಡೆದ.

ಅದರ ಎದುರು ನೆಟ್ಟಗೆ ನಿಂತರೆ ನನಗೆ ನನ್ನ ಕುತ್ತಿಗೆಯಿಂದ ಕೆಳಗೆ ಮಾತ್ರ ಕಾಣುತ್ತದೆ. ಮುಖ ಕಾಣಬೇಕಾದರೆ ಸ್ವಲ್ಪ ಬಾಗಬೇಕು. ಮೊನ್ನೆ ನಾನು ಬಾಗಿ ತಲೆ ಬಾಚುವುದನ್ನು ಕಂಡು ಸೊಸೆ, "ಮಾವ, ಮಂಡಿ ನೋವು ಬೇರೆ ಇದೆ ನಿಮಗೆ. ಇನ್ನೊಂದು ಅರ್ಧ ಅಡಿ ಮೇಲೆ ಹಾಕಿಸೋಣವಾ?" ಎಂದಳು.

ಬೇಡಮ್ಮ, ಅಲ್ಲೇ ಇರಲಿ ಎಂದೆ.