ಇಲ್ಲದ ಭಾಷೆಗೊಂದು ನಿಘಂಟು

ಯಾರೂ ಆಡದ ಭಾಷೆಗೆ ನಿಘಂಟು ಏಕೆ ಎಂದು ನಮ್ಮನ್ನು ಕೇಳಿದವರು ಬಹಳ ಮಂದಿ. ಐರೋಲಿಯ ನಮ್ಮ ಸೊಸೈಟಿಯ ಸೆಕ್ರೆಟರಿಯವರು ಕೇಳಿದ್ದಾರೆ; ಠಾಣೆಯ ಗಾಡಿಯಲ್ಲಿ ದಿನವೂ ಜೊತೆಗೆ ಬರುವ ಮಿತ್ರರು ಕೇಳಿದ್ದಾರೆ; ಯುಗಾದಿ ಕೂಟದಲ್ಲಿ ಪಾನಕದ ಲೋಟ ಕೈಯಲ್ಲಿ ಹಿಡಿದುಕೊಂಡೇ ಇಬ್ಬರು ಹಿರಿಯರು ಕೇಳಿದ್ದಾರೆ. "ಆ ಶ್ರಮವನ್ನು ಕನ್ನಡಕ್ಕಾದರೂ ಹಾಕಬಾರದಿತ್ತೇ?" ಎಂಬುದು ಅವರೆಲ್ಲರ ಪ್ರಶ್ನೆಯ ಬಾಲ. ಪ್ರಶ್ನೆಗಿಂತ ಆ ಬಾಲವೇ ನಮ್ಮನ್ನು ಹೆಚ್ಚು ಕಾಡಿದ್ದು. ಉತ್ತರ ಕೊಡುವಷ್ಟು ಜಾಣರು ನಾವಲ್ಲವಾದ್ದರಿಂದ, ನಡೆದದ್ದನ್ನು ನಡೆದ ಹಾಗೆ ಇಲ್ಲಿ ನಿವೇದಿಸಿಕೊಳ್ಳುತ್ತೇವೆ. (ಕೇಂದ್ರ ಸರ್ಕಾರದ ಗುಮಾಸ್ತಗಿರಿಯಲ್ಲಿ ಟಿಪ್ಪಣಿ ಬರೆದು ಬರೆದು ನಮಗೆ ಏಕವಚನವೇ ಮರೆತುಹೋಗಿದೆ. ಈ ‘ನಾವು’ ಅಹಂಕಾರವಲ್ಲ, ಬರಿಯ ಅಭ್ಯಾಸ.)

ಬೀಜ ಬಿದ್ದದ್ದು 2015ರ ಜುಲೈಯಲ್ಲಿ. ‘ಬಾಹುಬಲಿ’ ಬಂದಿತ್ತು. ಮಗನಿಗೆ ಆಗ ಏಳು ವರ್ಷ. ಠಾಣೆಗೆ ಹೋಗಿ ಹಿಂದಿಯಲ್ಲಿ ನೋಡಿದೆವು. ನಮಗೆ ಆ ಜಲಪಾತ ನೆನಪಿನಲ್ಲಿ ನಿಂತಿತು, ಮನೆಯಾಕೆಗೆ ಸೀರೆ ಒಡವೆಗಳು. ಮಗನಿಗೆ ಮಾತ್ರ ಕಾಲಕೇಯರ ರಾಜನ ಮಾತು. ಪ್ರಭಾಕರ್ ಎಂಬ ನಟರು ಆ ಪಾತ್ರದಲ್ಲಿ ನಾಲಗೆಯನ್ನು ಟಕ್ಕೆನ್ನಿಸಿ ಆಡುವ ಮಾತು ಯಾರಿಗೂ ಅರ್ಥವಾಗುವುದಿಲ್ಲ. ಚಿತ್ರ ಯಾವ ಭಾಷೆಗೆ ಹೋದರೂ ಆ ರಾಜನ ಮಾತು ಮಾತ್ರ ಭಾಷಾಂತರವಾಗಲಿಲ್ಲ. ಒಂದು ತಿಂಗಳ ಕಾಲ ನಮ್ಮ ಸೆಕ್ಟರಿನ ಹುಡುಗರೆಲ್ಲ ಟಕ್ ಟಕ್ ಎನ್ನುತ್ತಾ ಓಡಾಡಿದರು.

ಅದು ಬರಿಯ ಅರಚಾಟವಲ್ಲ, ವ್ಯಾಕರಣವುಳ್ಳ ಭಾಷೆ ಎಂದು ನಮಗೆ ತಿಳಿದದ್ದು ಆಮೇಲೆ. ಅದರ ಹೆಸರು ಕಿಳಿಕಿ. ಕಟ್ಟಿದವರು ತಮಿಳಿನ ಗೀತರಚನಕಾರ ಮದನ್ ಕಾರ್ಕಿ. ಕವಿ ವೈರಮುತ್ತು ಅವರ ಮಗ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟಿಗೆ ಓದುತ್ತಿದ್ದಾಗ ಅವರು ಮಕ್ಕಳನ್ನು ನೋಡಿಕೊಳ್ಳುವ ಕೆಲಸವನ್ನೂ ಮಾಡುತ್ತಿದ್ದರಂತೆ. ಆ ಮಕ್ಕಳೊಡನೆ ಕೂತು ಒಂದೆರಡು ಗಂಟೆಗಳಲ್ಲಿ ಆಟಕ್ಕಾಗಿ ನೂರರ ಹತ್ತಿರ ಪದಗಳನ್ನು ಹುಟ್ಟಿಸಿದರು. ಆ ಆಟದ ಭಾಷೆಯೇ ಮುಂದೆ ಕಾಲಕೇಯರಿಗಾಗಿ 750 ಪದ, 40 ವ್ಯಾಕರಣ ನಿಯಮಗಳ ಕಿಳಿಕಿಯಾಯಿತು. ಅದರಲ್ಲಿ ‘ಮಿನ್’ ಎಂದರೆ ನಾನು. ತಿರುಗಿಸಿ ‘ನಿಮ್’ ಎಂದರೆ ನೀನು. ಕನ್ನಡಿಗರಿಗೆ ಇದು ಕೇಳಿದಂತೆಯೇ ಇದೆ ಎನ್ನಿಸುವುದು ಸಹಜ. 2020ರ ಫೆಬ್ರವರಿ 21ರಂದು, ಅಂದರೆ ವಿಶ್ವ ಮಾತೃಭಾಷಾ ದಿನದಂದೇ, ಕಿಳಿಕಿಯ ಲಿಪಿ, ಪದಕೋಶಗಳನ್ನು ಯಾರು ಬೇಕಾದರೂ ಕಲಿಯಲೆಂದು ಅಂತರ್ಜಾಲದಲ್ಲಿ ತೆರೆದಿಟ್ಟರು. ಮಾತೃಭಾಷೆಯ ದಿನದಂದು ತಾಯಿಯೇ ಇಲ್ಲದ ಭಾಷೆಯ ಮೆರವಣಿಗೆ ಎಂದು ನಾವು ಅಂದು ನಕ್ಕೆವು. ಆದರೆ ಅದೇ ಕಾರ್ಕಿಯವರ ಸಂಶೋಧನಾ ಪ್ರತಿಷ್ಠಾನವು ‘ಅಗರಾದಿ’ ಎಂಬ ತಮಿಳು ನಿಘಂಟನ್ನೂ ಅಂತರ್ಜಾಲದಲ್ಲಿ ಉಚಿತವಾಗಿ ನಡೆಸುತ್ತಿದೆಯೆಂಬುದು ತಿಳಿದ ಮೇಲೆ ನಮ್ಮ ನಗು ತಗ್ಗಿತು.

ಅದಾದ ಒಂದು ತಿಂಗಳಿಗೆ ಲಾಕ್‌ಡೌನ್. ಕಣ್ಣಿನ ಪೊರೆ ತೆಗೆಸಲೆಂದು ಇಂಡಿ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಬಂದಿದ್ದ ಅವ್ವ ಐರೋಲಿಯ ಒಂದೂವರೆ ಕೋಣೆಯ ಮನೆಯಲ್ಲಿ ಸಿಕ್ಕಿಬಿದ್ದಳು. ಕೆಳಗೆ ಆಡಲು ಹೋಗುವಂತಿಲ್ಲ. ಮಗ ಟೆರೇಸಿನಿಂದ ಖಾಡಿಯ ಕಡೆ ನೋಡುತ್ತ ನಿಲ್ಲುತ್ತಿದ್ದ. ಆ ವರ್ಷ ಫ್ಲೆಮಿಂಗೋ ಹಕ್ಕಿಗಳು ಕೆಸರಿನ ಮೇಲೆ ಗುಲಾಬಿ ಬಣ್ಣದ ಚಾಪೆ ಹಾಸಿದಂತೆ ಇಳಿದಿದ್ದವು. ಠಾಣೆ ಖಾಡಿಯನ್ನು 2015ರಲ್ಲಿ ಆ ಹಕ್ಕಿಗಳ ಅಭಯಾರಣ್ಯವೆಂದು ಘೋಷಿಸಿದ್ದರೂ, ಅಷ್ಟು ಹೊತ್ತು ನಿಂತು ನೋಡುವ ಬಿಡುವು ನಮಗೆ ಸಿಕ್ಕಿದ್ದು ಆಗಲೇ. ಫ್ಲೆಮಿಂಗೋ ಕತ್ತು ಬಗ್ಗಿಸಿ, ಕೊಕ್ಕನ್ನು ತಲೆಕೆಳಗಾಗಿ ನೀರಿಗಿಟ್ಟು ತಿನ್ನುತ್ತದೆ. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದ ನಾವು ಅದನ್ನು ವಿವರಿಸಹೋದೆವು. ಮಗ ಅರ್ಧಕ್ಕೇ ತಡೆದ. "ಪಪ್ಪಾ, ಅವರ ಭಾಷೆಯೂ ಉಲ್ಟಾ ಇರತದ."

ಹೀಗೆ ಹುಟ್ಟಿತು ‘ಸಿರೂವ’. ಮ್ಯಾಂಗ್ರೋವಿನ ಹಿಂದೆ ಹಕ್ಕಿಗಳದೊಂದು ರಾಜ್ಯ, ಅವುಗಳದೊಂದು ಭಾಷೆ. ಅದರಲ್ಲಿ ‘ಲೋಮಿ’ ಎಂದರೆ ನೀರು. ಮಗುಚಿದರೆ ‘ಮಿಲೋ’, ಕೆಸರು. ನಮ್ಮ ಮನೆಯಾಕೆ ಚಿಕ್ಕಂದಿನಲ್ಲಿ ಗೆಳತಿಯರೊಡನೆ ‘ಕ’ ಭಾಷೆ ಆಡುತ್ತಿದ್ದಳು. ಪ್ರತಿ ಅಕ್ಷರಕ್ಕೂ ಮುಂದೆ ಒಂದು ‘ಕ’ ಅಂಟಿಸಿ ‘ಕನೀಕನು ಕಬಾ’ ಎನ್ನುವುದು. ಇದೂ ಅಂಥದ್ದೇ, ವಾರದಲ್ಲಿ ಬಿಟ್ಟುಹೋಗುತ್ತದೆ ಎಂದಳು. ಬಿಟ್ಟುಹೋಗಲಿಲ್ಲ. ಮೇ ತಿಂಗಳ ಹೊತ್ತಿಗೆ 200 ಪದಗಳಾಗಿ, ನಿನ್ನೆ ಹೇಳಿದ್ದು ಇಂದು ಅವನಿಗೇ ಮರೆತು ಜಗಳಗಳಾಗತೊಡಗಿದವು.

ಅಲ್ಲಿ ನಮ್ಮ ಪ್ರವೇಶ. ಗುಮಾಸ್ತನಿಗೆ ಗೊಂದಲ ಕಂಡರೆ ಕೈ ತುರಿಸುತ್ತದೆ. ಒಂದು ರಿಜಿಸ್ಟರ್ ತೆಗೆದು ಗೆರೆ ಎಳೆದೆವು: ಕ್ರಮಸಂಖ್ಯೆ, ಪದ, ಇಂಗ್ಲಿಷ್ ಅರ್ಥ, ಮರಾಠಿ ಅರ್ಥ, ದಿನಾಂಕ, ಮಂಜೂರಾತಿ. ಕೊನೆಯ ಅಂಕಣದಲ್ಲಿ ಮಗ ಸಹಿ ಹಾಕಬೇಕು. ಅವನ ಸಹಿಯಿಲ್ಲದೆ ಯಾವ ಪದವೂ ಭಾಷೆಗೆ ಸೇರುವಂತಿಲ್ಲ. ಹನ್ನೆರಡು ವರ್ಷದ ಅಧಿಕಾರಿ, ನಲವತ್ತರ ಗುಮಾಸ್ತ. ಅರ್ಥಗಳನ್ನು ಇಂಗ್ಲಿಷ್ ಮರಾಠಿಗಳಲ್ಲಿ ಕೊಡಬೇಕೆಂದವನೂ ಅವನೇ. ಪದ ಕಟ್ಟಲು ಫೋನಿನಲ್ಲಿ ಕೂಡುತ್ತಿದ್ದ ಅವನ ಗೆಳೆಯರಿಗೆ ಓದಲು ಬರುತ್ತಿದ್ದದ್ದು ಅವೇ. ಕನ್ನಡಕ್ಕೆ ಅಂಕಣವಿರಲಿಲ್ಲ. ನಾವೂ ಕೇಳಲಿಲ್ಲ. ಮನೆಯಲ್ಲಿ ಕನ್ನಡ ಆಡುತ್ತಿದ್ದ ಹುಡುಗನಿಗೆ ಅದರ ಅಕ್ಷರ ಕಲಿಸಲು ನಮಗೆ ಪುರುಸೊತ್ತಾಗಿರಲಿಲ್ಲವೆಂಬುದು ನಾವು ಯಾರ ಮುಂದೆಯೂ ಎತ್ತದಿದ್ದ ವಿಷಯ.

ಜೂನ್‌ನಲ್ಲಿ ರಿಜಿಸ್ಟರನ್ನು ಅಂತರ್ಜಾಲಕ್ಕೆ ಏರಿಸಿದೆವು. ಹೆಸರು ಕಾದಿರಿಸಲು ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ಖರ್ಚು. ನೋಡುವವರಿಂದ ಏನಾದರೂ ವಸೂಲು ಮಾಡಬಹುದಲ್ಲ ಎಂದು ಸಂಬಂಧಿಕರೊಬ್ಬರು ಹೇಳಿದ್ದಕ್ಕೆ ಮಗ, "ಮಾತಾಡ್ಲಿಕ್ಕೆ ಯಾರಾದರೂ ರೊಕ್ಕ ಕೇಳತಾರೇನು?" ಎಂದು ಆಶ್ಚರ್ಯಪಟ್ಟ. ಇಂಥ ಉಚಿತ ಛತ್ರಗಳು ಜಗತ್ತಿನಲ್ಲಿ ಹಲವಿವೆ ಎಂದು ಆಗ ತಿಳಿಯಿತು. ‘ಅವತಾರ್’ ಚಿತ್ರಕ್ಕಾಗಿ ಪಾಲ್ ಫ್ರಾಮರ್ ಕಟ್ಟಿದ ನಾವಿ ಭಾಷೆಗೆ, ಟೋಲ್ಕೀನ್ ಕಟ್ಟಿದ ಎಲ್ಫ್ ಭಾಷೆಗಳಿಗೆ ಅಭಿಮಾನಿಗಳು ಸಂಬಳವಿಲ್ಲದೆ ನಿಘಂಟು ನಡೆಸುತ್ತಾರೆ. ಆ ಟೋಲ್ಕೀನ್ ಮಹಾಶಯರೇ ಮೊದಲ ಮಹಾಯುದ್ಧ ಮುಗಿದ ಮೇಲೆ ಆಕ್ಸ್‌ಫರ್ಡ್ ನಿಘಂಟಿನ ಕಚೇರಿಯಲ್ಲಿ ಒಂದೆರಡು ವರ್ಷ ದುಡಿದವರು. ನಮ್ಮವರೇ ಎನ್ನಿಸಿತು.

ನಮ್ಮಲ್ಲಿಗೂ ಮಂದಿ ಬರತೊಡಗಿದರು. ಡೊಂಬಿವಿಲಿಯ ಹುಡುಗನೊಬ್ಬ, ಒಂದೇ ಪದಕ್ಕೆ ಎರಡು ಕಡೆ ಬೇರೆ ಬೇರೆ ಅರ್ಥ ಕೊಟ್ಟಿದ್ದೀರಿ ಎಂದು ತಪ್ಪು ತೋರಿಸಿದ. ಮೈಸೂರಿನ ವಿದ್ಯಾರ್ಥಿನಿಯೊಬ್ಬಳು ಭೂತಕಾಲವೇ ಇಲ್ಲವಲ್ಲ ಎಂದು ಬರೆದಳು. ಮಗ ಎರಡು ದಿನ ಯೋಚಿಸಿ, ಹಕ್ಕಿಗಳಿಗೆ ಭೂತಕಾಲ ಬೇಡ, ‘ಹೋದ ವಲಸೆ’ ಎಂಬ ಕಾಲ ಸಾಕು ಎಂದು ತೀರ್ಪು ಕೊಟ್ಟ. ವಲಸೆ ಬಂದವರ ಮನೆಯಲ್ಲಿ ಹುಟ್ಟಿದ ಮಗುವಿಗೆ ಇದು ಹೊಳೆದದ್ದೆಂದು ನಾವು ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ.

ಇನ್ನು ನಮ್ಮ ಅಪರಾಧ. ಮಳೆಗಾಲ ಹಿಡಿದಾಗ ಮಗನ ಪದಗಳು ಬತ್ತಿದವು. ಶಾಲೆ ಫೋನಿನಲ್ಲೇ ಶುರುವಾಗಿತ್ತು. ಅದೇ ಹೊತ್ತಿಗೆ ಅವ್ವ ಅಡುಗೆಮನೆಯಲ್ಲಿ ಕೂತು ಊರಿನ ಮನೆಯನ್ನು ನೆನೆಯುತ್ತಿದ್ದಳು. ಬೆಕ್ಕಿಗೆ ಸಿಗದಂತೆ ಬೆಣ್ಣೆಯ ಗಡಿಗೆ ತೂಗಹಾಕುವ ‘ನೆಲುವು’, ದೀಪ ಇಡಲು ಗೋಡೆಯಲ್ಲಿ ಬಿಟ್ಟ ‘ಮಾಡ’, ಜೋಳ ತುಂಬಿ ಮುಚ್ಚುವ ನೆಲದೊಳಗಿನ ‘ಹಗೇವು’, ಕಣದ ನಡುವಿನ ‘ಮೇಟಿ’. ಇವುಗಳಲ್ಲಿ ಅರ್ಧವನ್ನು ನಾವೇ ಮೂವತ್ತು ವರ್ಷಗಳಿಂದ ಬಾಯಿಗೆ ತಂದಿರಲಿಲ್ಲ. ಎಲ್ಲಿ ಬರೆದಿಡುವುದು? ಕೈಯಲ್ಲಿದ್ದ ನಿಘಂಟು ಒಂದೇ. ಅರ್ಥದ ಅಂಕಣದಲ್ಲಿ ಕನ್ನಡಕ್ಕೆ ಜಾಗವಿಲ್ಲದಿದ್ದರೆ ಪದದ ಅಂಕಣದಲ್ಲೇ ಸೇರಲಿ ಎಂಬ ದುರ್ಬುದ್ಧಿ ಹುಟ್ಟಿತು. ಒಂದೊಂದಾಗಿ 31 ಪದಗಳನ್ನು ಸಿರೂವದ ಪದಗಳೆಂದೇ ನುಸುಳಿಸಿದೆವು. ಮಂಜೂರಾತಿಯ ಅಂಕಣದಲ್ಲಿ ಮಗನ ಸಹಿಯನ್ನೂ ನಾವೇ ಹಾಕಿದೆವು. ಇಪ್ಪತ್ತು ವರ್ಷದ ಸೇವೆಯಲ್ಲಿ ಕಚೇರಿಯ ಒಂದು ಕಾಗದದ ಮೇಲೂ ಮಾಡದ ಕೆಲಸ.

ಸಿಕ್ಕಿಬಿದ್ದದ್ದು ಹೀಗೆ. ಒಂದು ಸಂಜೆ ಕರೆಂಟಿಲ್ಲ. ಮಗ ಆಟಕ್ಕೆಂದು ಅಜ್ಜಿಗೆ ಸಿರೂವದ ಪದಗಳನ್ನು ಓದಿ ಹೇಳುತ್ತಿದ್ದ, ಅವಳು ಅರ್ಥ ಊಹಿಸಬೇಕು. ಲೋಮಿ, ಮಿಲೋ ಎಂದಾಗ ಅವಳು "ನನಗೇನು ತಿಳೀತದೋ ಕೂಸ" ಎನ್ನುತ್ತಿದ್ದಳು. ‘ಮಾಡ’ ಎಂದ. "ದೀಪಾ ಇಡೂದು" ಎಂದಳು. ಅವನು ಬೆರಗಾದ. ‘ಹಗೇವು’ ಎಂದ. "ಜ್ವಾಳದ್ದು. ಅದರಾಗ ಇಳಿದರ ಉಸಿರು ಕಟ್ಟತದ, ದೀಪಾ ಬಿಟ್ಟು ನೋಡಬೇಕು" ಎಂದಳು. ಐದನೆಯ ಪದಕ್ಕೆ ಮಗ ಓದುವುದನ್ನು ನಿಲ್ಲಿಸಿ ನಮ್ಮ ಕಡೆ ತಿರುಗಿದ.

"ಪಪ್ಪಾ, ಇವು ನಾನು ಮಾಡಿದ್ದಲ್ಲ."

ನಾವು ಸುಮ್ಮನಿದ್ದೆವು.

"ಇದು ನಂದು. ನಿಮ್ಮದು ನಿಮಗ ಅದ ಅಲಾ?"

ಅವನು ಅಳಲಿಲ್ಲ, ಕೂಗಲಿಲ್ಲ. ಕೆಂಪು ಪೆನ್ನು ತೆಗೆದು 31ಕ್ಕೂ ಗೆರೆ ಎಳೆದ. ನಮಗೆ ಬಹಳ ಕೋಪ ಬಂದಿತು. ಇಷ್ಟು ಚಿಕ್ಕವನು ಅಜ್ಜಿಯ ಮಾತಿಗೆ ಗೆರೆ ಎಳೆಯುತ್ತಾನಲ್ಲ ಎಂದು. ಅವ್ವನೇ ನಮ್ಮನ್ನು ಗದರಿದಳು: "ಹುಡುಗನ ಹೊಲದಾಗ ನೀ ಯಾಕ ಬಿತ್ತಲಿಕ್ಕೆ ಹೋದಿ ತಮ್ಮಾ?" ಮೂರು ತಿಂಗಳು ನಿಘಂಟಿನ ಕೆಲಸ ನಿಂತಿತು.

ದೀಪಾವಳಿಯ ಸುಮಾರಿಗೆ ಮಗ ತಾನಾಗಿಯೇ ರಿಜಿಸ್ಟರ್ ತೆಗೆದ. ‘ಮಾಡ’ಕ್ಕೆ ಸಿರೂವದಲ್ಲಿ ಪದವೇ ಇಲ್ಲ, ಹಕ್ಕಿಗಳು ದೀಪ ಎಲ್ಲಿಡುತ್ತವೆ ಎಂಬ ಸಮಸ್ಯೆ ಅವನ ತಲೆ ಹೊಕ್ಕಿತ್ತು. ಅಜ್ಜಿಯನ್ನು ಕೂರಿಸಿಕೊಂಡು ಅದರ ಆಕಾರ, ಆಳ, ಮಸಿ ಹತ್ತುವುದು ಎಲ್ಲವನ್ನೂ ಕೇಳಿ ತನ್ನದೇ ಪದ ಕಟ್ಟಿದ: ‘ತೇನಾಸು’. ಆಮೇಲೆ ನಮ್ಮನ್ನು ಕರೆದು, ಮರಾಠಿಯ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆಯಿರಿ, ಅಲ್ಲಿ ಅಜ್ಜಿ ಹೇಳಿದ್ದನ್ನು ಬರೆಯಿರಿ ಎಂದ. ಅದಕ್ಕೆ ಅವನು ಕೊಟ್ಟ ಶೀರ್ಷಿಕೆ ‘ಕನ್ನಡ’ ಅಲ್ಲ, ‘ಅಜ್ಜಿ’. ಆ ಅಂಕಣವನ್ನು ತಾನೇ ತುಂಬಬೇಕೆಂಬ ಹಟದಿಂದಲೇ ಅವನು ಕನ್ನಡ ಅಕ್ಷರ ಕಲಿತದ್ದು. ಇಂದಿಗೂ ಒತ್ತಕ್ಷರ ತಪ್ಪುತ್ತಾನೆ. ಅವ್ವ 2021ರ ಫೆಬ್ರವರಿಯಲ್ಲಿ ಊರಿಗೆ ಮರಳುವ ಹೊತ್ತಿಗೆ ಆ ಅಂಕಣದಲ್ಲಿ 212 ನಮೂದುಗಳಾಗಿದ್ದವು. ಮುಂದಿನದು ಫೋನಿನಲ್ಲಿ ನಡೆಯಿತು.

‘ಕನ್ನಡಕ್ಕೇನು ಮಾಡಿದಿರಿ’ ಎನ್ನುವ ಹಿರಿಯರಿಗೆ ಇಲ್ಲಿ ಒಂದು ಮಾತು. ಕನ್ನಡಕ್ಕೆ ಮಾಡುವವರು ಮಾಡಿದ್ದಾರೆ. ಜರ್ಮನಿಯಿಂದ ಬಂದ ಕಿಟ್ಟೆಲ್ ಅವರ ಎಪ್ಪತ್ತು ಸಾವಿರ ಪದಗಳ ನಿಘಂಟು 1894ರಲ್ಲೇ ಮಂಗಳೂರಿನಲ್ಲಿ ಅಚ್ಚಾಯಿತು. ಸಾಹಿತ್ಯ ಪರಿಷತ್ತಿನದು ಎಂಟು ಸಂಪುಟ. ಇವೆಲ್ಲಕ್ಕಿಂತ ನಮ್ಮನ್ನು ಬೆರಗುಗೊಳಿಸಿದ್ದು ವಿ. ಕೃಷ್ಣ ಎಂಬವರ ‘ಅಲರ್’. ದಶಕಗಳ ಕಾಲ ಒಬ್ಬರೇ ಕೂತು ಮಾಡಿದ ಕನ್ನಡ–ಇಂಗ್ಲಿಷ್ ನಿಘಂಟು, ಒಂದೂವರೆ ಲಕ್ಷ ಪದಗಳು. 2019ರಿಂದ ಅಂತರ್ಜಾಲದಲ್ಲಿದೆ, ಕಾಸು ಕೊಡಬೇಕಾಗಿಲ್ಲ, ಬೇಕಾದವರು ಇಡೀ ಸಂಗ್ರಹವನ್ನೇ ಇಳಿಸಿಕೊಳ್ಳಬಹುದು. ಮಗನ ಜೊತೆ ಅನುಮಾನ ಬಂದಾಗಲೆಲ್ಲ ನಾವು ಅದನ್ನು ತೆರೆದು ನೋಡಿದ್ದೇವೆ. ಆ ಮಹನೀಯರ ಎದುರು ನಮ್ಮದು ಗುಬ್ಬಿಯ ಗೂಡು. ಆದರೆ ಒಂದೂವರೆ ಲಕ್ಷ ಪದಗಳು ಬೆರಳ ತುದಿಯಲ್ಲಿದ್ದಾಗಲೂ ನಮ್ಮ ಮಗ ಅವುಗಳತ್ತ ತಿರುಗಿರಲಿಲ್ಲ. ಅವನು ತಿರುಗಿದ್ದು ತನ್ನ ಹಕ್ಕಿಗಳಿಗೆ ದೀಪ ಇಡಲು ಜಾಗ ಬೇಕಾದಾಗ. ಎಲ್ಲ ಮಕ್ಕಳಿಗೂ ಹೀಗೆಯೇ ಆಗುತ್ತದೆ ಎಂದು ನಾವು ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಹೀಗಾಯಿತು.

ಅವ್ವ 2023ರ ಶ್ರಾವಣದಲ್ಲಿ ಹೋದಳು. ‘ಅಜ್ಜಿ’ ಅಂಕಣ 388ಕ್ಕೆ ನಿಂತಿದೆ. ಸಿರೂವದ ಒಟ್ಟು ಪದಗಳು 1,140. ಉಳಿದ ಸಾಲುಗಳಲ್ಲಿ ಆ ಜಾಗ ಖಾಲಿ. ಅಲ್ಲಿ ನಮ್ಮ ಕನ್ನಡವನ್ನು ತುಂಬಬಹುದಲ್ಲ ಎಂದು ಮನೆಯಾಕೆ ಒಮ್ಮೆ ಸೂಚಿಸಿದಳು. ಮಗ ಬೇಡವೆಂದ. ಬೇಕಾದರೆ ನಮ್ಮ ಹೆಸರಿನಲ್ಲಿ ಬೇರೆ ಗೆರೆ ಎಳೆದುಕೊಳ್ಳಬಹುದಂತೆ. ಎಳೆದಿದ್ದೇವೆ, ಇನ್ನೂ 19 ನಮೂದು. ಅವನು ಈಗ ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಹೊಸ ಪದ ಹುಟ್ಟಿ ವರ್ಷವಾಗಿದೆ. ವಾರ್ಷಿಕ ಶುಲ್ಕ ಕಟ್ಟುವುದು, ಬಂದ ಪತ್ರಗಳಿಗೆ ‘ತಲುಪಿದೆ’ ಎಂದು ಉತ್ತರಿಸುವುದು, ತಪ್ಪು ತಿದ್ದುವುದು ನಮ್ಮ ಪಾಲಿಗೆ ಉಳಿದಿವೆ. ಪದ ಸೃಷ್ಟಿಸುವ ಅಧಿಕಾರ ನಮಗಿಲ್ಲ.

ಕಳೆದ ತಿಂಗಳು ದೂರದ ಫಿನ್‌ಲೆಂಡಿನಿಂದ ಒಬ್ಬರು ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಇಂಥ ಕಲ್ಪಿತ ಭಾಷೆಗಳನ್ನು ಕಲಿಯುವ ಹವ್ಯಾಸ ಅವರಿಗೆ. ನಿಮ್ಮ ಭಾಷೆ ಚೆನ್ನಾಗಿದೆ, ಆದರೆ ಮರಾಠಿಯ ಪಕ್ಕದಲ್ಲಿ ‘ಅಜ್ಜಿ’ ಎಂಬ ಇನ್ನೊಂದು ಭಾಷೆ ಇದೆಯಲ್ಲ, ದುಂಡು ದುಂಡು ಲಿಪಿಯದು, ಅದನ್ನು ಕಟ್ಟಿದವರು ಯಾರು, ಅದರ ಪೂರ್ಣ ನಿಘಂಟು ಎಲ್ಲಿ ಸಿಗುತ್ತದೆ ಎಂದು ಕೇಳಿದ್ದಾರೆ. ಉತ್ತರದ ಕರಡು ಬರೆದು ಪುಣೆಗೆ ಕಳಿಸಿದ್ದೇವೆ. ಮಂಜೂರಾತಿ ಇನ್ನೂ ಬಂದಿಲ್ಲ, ಪರೀಕ್ಷೆ ನಡೆದಿದೆಯಂತೆ.